ಸಾಮ್ರಾಟರ ನಿರ್ಗಮನ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋದಾಗಲೆಲ್ಲ ಸೋದರಮಾವನವರಿಗೆ ವೃತ್ತಪತ್ರಿಕೆಯನ್ನು ಓದಿ ಹೇಳುವ ಕೆಲಸ ನನ್ನ ಪಾಲಿನದು. ಕಣ್ಣು ಮಂಜಾದ ಮೇಲೆ ಅವರಿಗೆ ಪತ್ರಿಕೆಯ ಚಿತ್ರಗಳು ಮಾತ್ರ ಕಾಣುತ್ತವೆ. 2024ರ ಏಪ್ರಿಲ್ ಕೊನೆಯಲ್ಲಿ ಒಂದು ಚಿತ್ರದ ಮೇಲೆ ಬೆರಳಿಟ್ಟು, "ಇದೇ ಕನಪ್ಪ, ನನ್ನ ಊರಿಗೆ ತಂದುಬುಟ್ಟಿದ್ದು" ಎಂದರು. ಅದು ಏರ್ ಇಂಡಿಯಾದ ಬೋಯಿಂಗ್ 747. ಮಾರಾಟವಾದ ವಿಮಾನಗಳಲ್ಲೊಂದಾದ 'ಆಗ್ರಾ' ಆ ತಿಂಗಳ 22ರಂದು ಮುಂಬಯಿಯನ್ನು ಬಿಟ್ಟು ಅಮೆರಿಕೆಯತ್ತ ಹಾರಿತೆಂದೂ, ಹೊರಟೊಡನೆ ರೆಕ್ಕೆಯನ್ನು ಬಾಗಿಸಿ ವಿದಾಯ ಹೇಳಿತೆಂದೂ ಓದಿದೆ. ಪ್ರಯಾಣಿಕರನ್ನು ಹೊತ್ತು ಹಾರುವುದನ್ನು ಆ ಸಂಸ್ಥೆಯ ಜಂಬೋಗಳು 2021ರಲ್ಲಿಯೇ ನಿಲ್ಲಿಸಿದ್ದವು.

ಮಾವನವರು ಕುವೈತಿನಲ್ಲಿ ಲಾರಿ ಚಾಲಕರಾಗಿದ್ದವರು. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಆ ನಾಡಿಗೆ ನುಗ್ಗಿದಾಗ ಎಂಟು ವರ್ಷದ ಉಳಿತಾಯವೆಲ್ಲ ಬರಿಯ ಕಾಗದವಾಯಿತು. ಬಾಗ್ದಾದಿನ ಮೇಲೆ ಹಾದು, ಮರುಭೂಮಿಯ ಡೇರೆಯಲ್ಲಿ ದಿನಗಳನ್ನು ಕಳೆದು, ಒಂದು ಕೈಚೀಲದೊಡನೆ ಜೋರ್ಡಾನಿನ ಅಮ್ಮಾನ್ ನಗರವನ್ನು ಸೇರಿದರು. ಅಲ್ಲಿಂದ ಆಗಸ್ಟ್ 13ರಿಂದ ಅಕ್ಟೋಬರ್ 11ರ ವರೆಗೆ 488 ಹಾರಾಟಗಳಲ್ಲಿ 1,11,711 ಮಂದಿ ಭಾರತೀಯರನ್ನು ಮುಂಬಯಿಗೆ ಕರೆತಂದರೆಂಬುದು ವಾಚಕರಲ್ಲಿ ಹಲವರಿಗೆ ತಿಳಿದಿದೆ. ಆ ಲಕ್ಷದ ಲೆಕ್ಕದಲ್ಲಿ ನಮ್ಮ ಮಾವನವರೂ ಒಬ್ಬರು. ಮುಂಬಯಿಯಿಂದ ಗುಂಡ್ಲುಪೇಟೆಗೆ ಬರಲು ಮಾತ್ರ ಅಮ್ಮಾನಿನಿಂದ ಮುಂಬಯಿಗೆ ಹಿಡಿದದ್ದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕಾಯಿತಂತೆ!

"ನಾಕು ಎಂಜಿನ್ ಇದ್ವು ಕನಪ್ಪ. ಒಂದು ಕೈ ಕೊಟ್ರೂ ಮೂರಿರೋವು. ಈಗ ಎರಡೇ ಎರಡು ಕಟ್ಕಂಡು ಸಮುದ್ರದ ಮೇಲೆ ಹೋಯ್ತವಂತಲ್ಲ, ಒಂದು ನಿಂತೋದ್ರೆ?"

ಕನ್ನಡದ ಎಂ.ಎ. ಇಂಥ ಪ್ರಶ್ನೆಗೆ ಸಾಲದು. ಆದರೂ ನನಗೆ ತಿಳಿದಷ್ಟನ್ನು ಹೇಳಿದೆ. ಅಮೆರಿಕೆಯಲ್ಲಿ 1953ರಿಂದ ಒಂದು ಕಟ್ಟಳೆಯಿತ್ತು: ಎರಡು ಎಂಜಿನಿನ ವಿಮಾನವು ಒಂದು ಎಂಜಿನ್ ಕೆಟ್ಟರೆ ಉಳಿದೊಂದರಿಂದಲೇ 60 ನಿಮಿಷದೊಳಗೆ ಯಾವುದಾದರೊಂದು ನಿಲ್ದಾಣವನ್ನು ಸೇರುವಂಥ ದಾರಿಯಲ್ಲಿಯೇ ಹಾರಬೇಕು. ಹಾಗಾಗಿ ಮಹಾಸಾಗರದ ನಡುದಾರಿ ಬಹುಮಟ್ಟಿಗೆ ನಾಲ್ಕು ಎಂಜಿನಿನವುಗಳ ಸ್ವತ್ತಾಗಿತ್ತು. ಮುಂದೆ ಎಂಜಿನುಗಳು ಎಷ್ಟು ನಂಬಿಗಸ್ತವಾದುವೆಂದರೆ, ಆ ಗಡುವನ್ನು 1985ರಲ್ಲಿ 120 ನಿಮಿಷಕ್ಕೂ, 1988ರಲ್ಲಿ 180 ನಿಮಿಷಕ್ಕೂ ಏರಿಸಿದರು. ಎರಡರಿಂದ ಆಗುವ ಕೆಲಸಕ್ಕೆ ನಾಲ್ಕಕ್ಕೆ ಎಣ್ಣೆ ಸುರಿದು, ನಾಲ್ಕನ್ನೂ ಬಿಚ್ಚಿ ಜೋಡಿಸುವವರಾರು?

ಮಾವನವರು ಸ್ವಲ್ಪ ಹೊತ್ತು ಯೋಚಿಸಿದರು. ಕುವೈತಿನಿಂದ ಬಂದ ಮೇಲೆ ಇಪ್ಪತ್ತು ವರ್ಷ ಬಸ್ಸು ನಡೆಸಿದವರು ಅವರು. "ತಿಳೀತು ಬುಡು. ತೆರಕಣಾಂಬಿ ಮೇಲೆ ಚಾಮರಾಜನಗರಕ್ಕಾದ್ರೆ ಹಳೇ ಬಸ್ಸೂ ನಡೀತಿತ್ತು, ಕೆಟ್ರೆ ಅಲ್ಲೇ ಯಾರಾರ ಸಿಗೋರು. ಊಟಿ ರೂಟಿಗೆ ಗಟ್ಟಿ ಬಸ್ಸೇ ಬೇಕು. ಬಂಡೀಪುರದ ಕಾಡ್ನಲ್ಲಿ ಆನೆ ಬಂದು ರಿಪೇರಿ ಮಾಡೀತಾ?" ನನ್ನ ಅರ್ಧ ಗಂಟೆಯ ಉಪನ್ಯಾಸ ಅಲ್ಲಿಗೆ ಮುಗಿಯಿತು.

ಈ ವಿಮಾನದ ಹುಟ್ಟಿನಲ್ಲಿಯೇ ಒಂದು ವಿನೋದವಿದೆ. ಶಬ್ದಕ್ಕಿಂತ ವೇಗದ ವಿಮಾನಗಳು ಬೇಗನೆ ಬಂದು ಪ್ರಯಾಣಿಕರನ್ನೆಲ್ಲ ಸೆಳೆದುಕೊಳ್ಳುವುವೆಂದು 1960ರ ದಶಕದಲ್ಲಿ ಎಲ್ಲರೂ ನಂಬಿದ್ದರು. ಜೋ ಸಟರ್ ಅವರ ನೇತೃತ್ವದ ತಂಡ ಅದಕ್ಕಾಗಿ ಇದನ್ನು ಮುಂದೆ ಸರಕು ಸಾಗಿಸಲೂ ಒದಗುವಂತೆ ರೂಪಿಸಿತು. ಮೂತಿಯನ್ನೇ ಬಾಗಿಲಿನಂತೆ ತೆರೆಯಬೇಕಾದರೆ ಚಾಲಕರ ಕೋಣೆ ಅಡ್ಡ ಬರಬಾರದಷ್ಟೆ. ಅದನ್ನು ಮಹಡಿಗೆ ಏರಿಸಿದರು. ಆ ಗೂನು ಬೆನ್ನಿನ ಚೆಲುವು ಬಂದದ್ದು ಹೀಗೆ. ಕೊನೆಗೆ ಶಬ್ದವೇಗದ ಕಾಂಕಾರ್ಡ್ 2003ರಲ್ಲಿ ಮೂಲೆ ಸೇರಿತು. ಜಂಬೋ ಕಾರ್ಖಾನೆಯಿಂದ ಹೊರಬರುತ್ತಲೇ ಇತ್ತು. 1574ನೆಯದಾದ ಕಟ್ಟಕಡೆಯದನ್ನು ಒಪ್ಪಿಸಿದ್ದು 2023ರ ಜನವರಿ 31ರಂದು, ಅದೂ ಸರಕು ಸಾಗಣೆಗೆ. 2020ರ ಮಹಾಮಾರಿಯ ವರ್ಷದಲ್ಲಿ ಬ್ರಿಟಿಷ್ ಏರ್‌ವೇಸ್, ಕ್ವಾಂಟಾಸ್, ಕೆ.ಎಲ್.ಎಂ. ಸಂಸ್ಥೆಗಳು ತಮ್ಮ ಪ್ರಯಾಣಿಕ ಜಂಬೋಗಳಿಗೆ ವಿದಾಯ ಹೇಳಿದುವು. 2022ರ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರಿಗೆ ಇನ್ನೂ ದೊಡ್ಡದಾದ ಏರ್‌ಬಸ್ ಎ380 ಬಂದಿಳಿದಾಗ ಜನ ಬೆರಗಾಗಿ ನೋಡಿದರು. ಅದಕ್ಕೂ ನಾಲ್ಕೇ ಎಂಜಿನು. ಆದರೆ ಅದರ ತಯಾರಿಕೆ ಹಿಂದಿನ ವರ್ಷವೇ ನಿಂತುಹೋಗಿತ್ತು.

ನಮ್ಮವರು 1971ರಲ್ಲಿ ಮೊದಲ ಜಂಬೋವನ್ನು ತಂದಾಗ ಅದರ ಕಿಟಕಿಗಳ ಸುತ್ತ ಅರಮನೆಯ ಕಮಾನುಗಳನ್ನು ಬಣ್ಣದಲ್ಲಿ ಬರೆಸಿ, 'ಸಾಮ್ರಾಟ್ ಅಶೋಕ' ಎಂದು ಕರೆದರು. ಅನಂತರದವಕ್ಕೂ ಚಕ್ರವರ್ತಿಗಳದೇ ಹೆಸರು: ರಾಜೇಂದ್ರ ಚೋಳ, ವಿಕ್ರಮಾದಿತ್ಯ, ಅಕ್ಬರ್, ಮತ್ತು ನಮ್ಮ ಕೃಷ್ಣದೇವರಾಯ. 1978ರ ಹೊಸ ವರ್ಷದ ದಿನ ಅಶೋಕ 213 ಮಂದಿಯೊಡನೆ ಮುಂಬಯಿಯ ಕಡಲಿಗೆ ಬಿದ್ದಿತು. 1985ರ ಜೂನ್ 23ರಂದು 'ಕನಿಷ್ಕ' ಬಾಂಬಿಗೆ ತುತ್ತಾಗಿ 329 ಮಂದಿ ಅಟ್ಲಾಂಟಿಕ್ ಸಾಗರದ ಮೇಲೆ ಮಡಿದರು. ಎರಡು ಸಲವೂ ಕೈಕೊಟ್ಟದ್ದು ಎಂಜಿನಲ್ಲ, ನಾಲ್ಕಿದ್ದೂ ಫಲವಾಗಲಿಲ್ಲ. ಇದನ್ನು ನಾನು ಮಾವನವರಿಗೆ ಹೇಳಲಿಲ್ಲ.

ಕನ್ನಡದ ಅಧ್ಯಾಪಕನಿಗೆ ಸಹಜವಾದ ಆಸೆಯೊಂದು ಮಾತ್ರ ಉಳಿದಿತ್ತು. "ಮಾವ, ನೀವು ಬಂದ ವಿಮಾನದ ಹೆಸರೇನಾದರೂ ನೆನಪಿದೆಯೆ? ಕೃಷ್ಣದೇವರಾಯ ಅಂತೇನಾದರೂ ಬರೆದಿತ್ತೆ?"

"ಹೆಸರ ಯಾರು ನೋಡಿದ್ರು ಕನಪ್ಪ? ಸೀಟದಾ ಅಂತ ನೋಡ್ದೊ. ಪಕ್ಕದಲ್ಲಿ ಒಂದು ಕೂಸು ಎತ್ಕಂಡಿದ್ದ ಹೆಂಗಸು ಕೂತಿದ್ಲು. ಮೇಲೆ ಎದ್ದ ತಕ್ಷಣ ಅಳಕ್ಕೆ ಶುರು ಮಾಡಿದ್ಲು. ಅವಳ ನೋಡಿ ನಾನೂ ಅತ್ತೆ."

ಚಿತ್ರವಿದ್ದ ಹಾಳೆಯನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡು, ಐದೂವರೆಯ ಬಸ್ಸು ತಪ್ಪೀತೆಂದು ನನ್ನನ್ನು ಎಬ್ಬಿಸಿ ಕಳಿಸಿದರು.