ತಂಪು ಹೋದದ್ದೆಲ್ಲಿಗೆ?

ಈ ಸಂಚಿಕೆಗೆ ಮಾವಿನಕಾಯಿಯ ವಿಚಾರ ಬರೆಯಬೇಕೆಂದಿದ್ದೆವು. ಅಷ್ಟರಲ್ಲಿ ನಮ್ಮ ಮೇಲಂತಸ್ತಿನ ಹಿರಿಯರ ಮೋಟಾರು ಗಾಡಿ ಅಡ್ಡ ಬಂದಿತು.

ಹೈದರಾಬಾದಿನ ನಮ್ಮ ಕಟ್ಟಡದಲ್ಲಿ ಆ ಗಾಡಿಯನ್ನು ಅರಿಯದವರಿಲ್ಲ. ತೊಂಬತ್ತರ ಸುಮಾರಿನ ಕಾಂಟೆಸಾ. ಅಂಥ ಗಾಡಿಗಳ ತಯಾರಿಕೆಯೇ 2002ರಲ್ಲಿ ನಿಂತುಹೋಯಿತು. ಹಿರಿಯರು ಭಾನುವಾರ ಸ್ನಾನ ತಪ್ಪಿಸಿಯಾರು, ಅದರ ಮೈ ಒರೆಸುವುದನ್ನು ತಪ್ಪಿಸರು. ಇಂಜಿನು ಗಟ್ಟಿ, ಗದ್ದುಗೆ ಮೆತ್ತಗೆ. ಒಳಗಿನ ಹವಾನಿಯಂತ್ರಣದ್ದೊಂದೇ ತಕರಾರು. ಪ್ರತಿ ಯುಗಾದಿಗೆ ಅದು ಗ್ಯಾಸು ಬೇಡುತ್ತಿತ್ತು. ಮೆಕ್ಯಾನಿಕ್ಕನೊಬ್ಬ ಬಂದು ತುಂಬುತ್ತಿದ್ದ, ಹಣ ಎಣಿಸಿಕೊಂಡು ಹೋಗುತ್ತಿದ್ದ. ಮರುವರ್ಷ ಮತ್ತೆ ಬರಿದು. “ಗಾಡಿಗೆ ವಯಸ್ಸಾಯಿತು, ಗ್ಯಾಸು ತಿನ್ನುತ್ತದೆ” ಎಂಬುದು ಅವನ ವಿವರಣೆ.

ಹೋದ ವರ್ಷದವರೆಗೆ ಇದು ನಗೆಯ ಮಾತಾಗಿತ್ತು. ಆ ಬೇಸಿಗೆಯಲ್ಲಿ ಕಲಬುರಗಿಗೆ ಹೋಗುವಾಗ ಹುಮನಾಬಾದಿನ ಬಳಿ ಮನೆಯಮ್ಮನವರು ಸೆಕೆಗೆ ಎಚ್ಚರ ತಪ್ಪಿದರು. ಅವರದು ಶಸ್ತ್ರಚಿಕಿತ್ಸೆಯಾದ ಹೃದಯ. ಈ ವರ್ಷ ಮೇ ತಿಂಗಳಲ್ಲಿ ಅವರ ತಮ್ಮನ ಮಗಳ ಮದುವೆ, ಅದೂ ಕಲಬುರಗಿಯಲ್ಲೇ. ರೈಲು ಹತ್ತಲು ಆಕೆ ಒಪ್ಪರು; ಬೇರೆ ಗಾಡಿಯಲ್ಲಿ ಹೋಗಲು ಹಿರಿಯರು ಒಪ್ಪರು. ಇಂಥ ಸಂದರ್ಭದಲ್ಲಿ ಅವರು ಎರಡು ಡಬ್ಬಿ ಗ್ಯಾಸನ್ನೂ ಒಂದು ರಬ್ಬರು ಕೊಳವೆಯನ್ನೂ ಅಂಚೆಯಲ್ಲಿ ತರಿಸಿ, “ಬನ್ನಿ, ಮನೆಯಲ್ಲೇ ತುಂಬಿಬಿಡೋಣ” ಎಂದು ನಮ್ಮನ್ನು ಕರೆದರು. ನಮಗೆ ಯಂತ್ರಗಳ ಪರಿಚಯ ಕಡತಗಳ ಮೂಲಕ ಆದದ್ದೇ ಹೆಚ್ಚು. ಆದರೂ ಹೋದೆವು.

ಮೊದಲು ಓದೋಣವೆಂದು ಕುಳಿತದ್ದು ಒಳ್ಳೆಯದಾಯಿತು. ಹೂಜಿಯ ನೀರು ತಣ್ಣಗಾಗುವುದನ್ನು ಎಲ್ಲರೂ ಬಲ್ಲೆವು. ನೀರು ಆವಿಯಾಗುವಾಗ ಸುತ್ತಲ ಶಾಖವನ್ನು ಹೀರುತ್ತದೆ. ಗಾಡಿಯೊಳಗೆ ನಡೆಯುವುದೂ ಅದೇ. ಇಲ್ಲಿ ಮಾತ್ರ ಆವಿಯಾದ ದ್ರವವನ್ನು ಹೊರಗೆ ಬಿಡದೆ, ಮತ್ತೆ ಒತ್ತಿ, ಬಾನೆಟ್ಟಿನ ಮುಂದೆ ತಣಿಸಿ, ದ್ರವ ಮಾಡಿ ತಿರುಗಿ ಒಳಕ್ಕೆ ಕಳಿಸುತ್ತಾರೆ. ಅಂದಮೇಲೆ ಆ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವೇ ಅಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಗಾಡಿ ಗ್ಯಾಸು ತಿನ್ನುತ್ತದೆಂಬ ಮಾತು, ತೂತಾದ ಕೊಡ ನೀರು ಕುಡಿಯುತ್ತದೆಂದಂತೆ. ಹಿರಿಯರು ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ವರ್ಷವರ್ಷದ ಲೆಕ್ಕವನ್ನು ಮನಸ್ಸಿನಲ್ಲೇ ಕೂಡುತ್ತಿದ್ದಿರಬೇಕು.

ಸೋರಿದ್ದು ಹಣ ಮಾತ್ರವೂ ಅಲ್ಲ. ಆ ಕಾಲದ ಗಾಡಿಗಳಲ್ಲಿ ಇದ್ದದ್ದು ಆರ್-12 ಎಂಬ ಅನಿಲ. ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಅದನ್ನು 1928ರ ಸುಮಾರಿಗೆ ಬಳಕೆಗೆ ತಂದಾಗ, ಉರಿಯದ, ವಿಷವಲ್ಲದ ಅದ್ಭುತವೆಂದು ಜಗತ್ತು ಹೊಗಳಿತು. ಅದರೊಳಗಿನ ಕ್ಲೋರಿನ್ನು ಮೇಲಣ ಓಜೋನ್ ಪದರವನ್ನು ಕಡಿಯುತ್ತದೆಂದು ಮೊಲಿನಾ ಮತ್ತು ರೋಲಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ತೋರಿಸಿಕೊಟ್ಟರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತವೂ ಸೇರಿತು. 2008ರ ಆಗಸ್ಟಿನಿಂದ, ಉಬ್ಬಸದ ಔಷಧದ ಡಬ್ಬಿಗಳ ಅಗತ್ಯವೊಂದರ ಹೊರತು, ನಮ್ಮ ದೇಶದಲ್ಲಿ ಇಂಥ ಅನಿಲಗಳ ತಯಾರಿಕೆ ನಿಂತಿತು. ಹಾಗಾದರೆ ಈಚಿನ ವರ್ಷಗಳಲ್ಲಿ ಆ ಮೆಕ್ಯಾನಿಕ್ಕು ಗಾಡಿಗೆ ತುಂಬುತ್ತಿದ್ದುದು ಏನನ್ನು? ಅವನನ್ನು ಕೇಳಿದರೆ “ಗ್ಯಾಸು” ಎಂದ!

ಹಿರಿಯರು ತರಿಸಿದ್ದು ಅದರ ಉತ್ತರಾಧಿಕಾರಿಯಾದ ಆರ್-134ಎ. ಇದರಲ್ಲಿ ಕ್ಲೋರಿನ್ನಿಲ್ಲ, ಓಜೋನಿಗೆ ಕೇಡಿಲ್ಲ. ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರಕ್ಕೂ ಮಿಕ್ಕಿ ಪಟ್ಟು ಬಲಶಾಲಿ. ಇದರ ಕೊಳವೆಯ ಮೂತಿ ಗಾಡಿಯ ಮೂತಿಗೆ ಕೂಡಲೇ ಇಲ್ಲ. ಎರಡು ಅನಿಲಗಳು ಬೆರೆಯಬಾರದೆಂದೇ ಮೂತಿಗಳನ್ನು ಬೇರೆ ಬೇರೆ ಮಾಡಿದ್ದಾರಂತೆ. ಕೂಡಿಸುವ ಹಿತ್ತಾಳೆಯ ತುಂಡು ಅಗ್ಗಕ್ಕೆ ಸಿಗುತ್ತದೆ, ಹಿರಿಯರು ಅದನ್ನೂ ತರಿಸಿಟ್ಟಿದ್ದರು. ಆಸೆ ನಮಗೂ ಆಗದೆ ಇರಲಿಲ್ಲ. ತಡೆದದ್ದು ಎಣ್ಣೆಯ ವಿಷಯ. ಸಂಕೋಚಕ ಯಂತ್ರದ ಕೀಲುಗಳಿಗೆ ಬೇಕಾದ ಎಣ್ಣೆ ಅನಿಲದ ಜೊತೆಯಲ್ಲೇ ಸುತ್ತುತ್ತಿರುತ್ತದೆ. ಹಳೆಯ ಅನಿಲಕ್ಕೆ ಖನಿಜ ಎಣ್ಣೆ. ಹೊಸತು ಅದರೊಡನೆ ಬೆರೆಯದು. ಎಣ್ಣೆ ಎಲ್ಲೋ ಮೂಲೆಯಲ್ಲಿ ನಿಂತುಬಿಟ್ಟರೆ ಯಂತ್ರ ಒಣಗಿ ಕಚ್ಚಿಕೊಳ್ಳುತ್ತದೆ. ಅದೂ ಪ್ರಾಯಶಃ ಹುಮನಾಬಾದಿನ ಹತ್ತಿರವೇ.

ತುಂಬುವ ಕೆಲಸ ಬಿಟ್ಟು ತೂತು ಹುಡುಕಲು ಹೊರಟೆವು. ಇದು ನಮ್ಮಂಥವರಿಗೂ ಸಾಧ್ಯ. ಅನಿಲ ಸೋರಿದಲ್ಲಿ ಎಣ್ಣೆಯೂ ಜಿನುಗುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ. ಇಂಜಿನು ನಿಲ್ಲಿಸಿ, ಟಾರ್ಚು ಹಿಡಿದು, ಕೊಳವೆಗಳನ್ನು ಗೇಣುಗೇಣಾಗಿ ನೋಡುತ್ತ ಹೋದಾಗ ಮುಂಭಾಗದ ಒಂದು ಸಂದಿಯಲ್ಲಿ ಕಪ್ಪು ಜಿಡ್ಡು ಕಂಡಿತು. ಸೋಪಿನ ನೀರು ಸವರಿದೆವು. ನಿಮಿಷ ಕಳೆದ ಮೇಲೆ ಸಾಸಿವೆಯಷ್ಟು ಒಂದು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ಹಿರಿಯರು ಕನ್ನಡಕ ಏರಿಸಿ, “ಇಷ್ಟೇನೇ?” ಎಂದರು.

ಇಷ್ಟೇ. ಒಳಗಿನ ರಬ್ಬರಿನ ಉಂಗುರ ಗಟ್ಟಿಯಾಗಿ ಬಿರಿದಿತ್ತು. ಆದರೆ ಅದನ್ನು ಬಿಚ್ಚುವ ಧೈರ್ಯ ನಾವು ಮಾಡಲಿಲ್ಲ, ಓದುಗರೂ ಮಾಡಬೇಡಿ. ಟಯರಿನಲ್ಲಿ ಚದರ ಅಂಗುಲಕ್ಕೆ 30 ಪೌಂಡು ಒತ್ತಡವಿದ್ದರೆ, ಬೇಸಿಗೆಯಲ್ಲಿ ಯಂತ್ರ ನಡೆಯುವಾಗ ಇದರ ಮೇಲೊತ್ತಡದ ಕೊಳವೆಯಲ್ಲಿ 200-250. ಗೊತ್ತಿಲ್ಲದೆ ಡಬ್ಬಿಯನ್ನು ಆ ಕಡೆಗೆ ಜೋಡಿಸಿದರೆ ಡಬ್ಬಿಯೇ ಸಿಡಿದೀತು. ಚಿಮ್ಮಿದ ದ್ರವ ಚರ್ಮಕ್ಕೆ ತಾಕಿದರೆ ಹಿಮದ ಹುಣ್ಣು, ಕಣ್ಣಿಗೆ ತಾಕಿದರೆ ಹೇಳುವುದೇ ಬೇಡ. ಅಡಿಗೆಯ ಗ್ಯಾಸನ್ನು ತುಂಬುವವರೂ ಇದ್ದಾರೆಂದು ಕೇಳಿದ್ದೇವೆ. ಅಂಥವರ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ.

ಹಿರಿಯರು ಈ ಸಲ ಬೇರೆ ಕಾರಖಾನೆಗೆ ಹೋದರು. ಅಲ್ಲಿನ ಹುಡುಗ ಉಳಿದಿದ್ದ ಅನಿಲವನ್ನು ಗಾಳಿಗೆ ಬಿಡದೆ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಂಡ. ಉಂಗುರಗಳನ್ನೂ, ತೇವ ಹೀರುವ ಡಬ್ಬವನ್ನೂ ಬದಲಿಸಿದ. ಹಳೆಯ ಎಣ್ಣೆ ಬಸಿದು, ಹೊಸ ಅನಿಲದೊಡನೆ ಬೆರೆಯುವ ಎಸ್ಟರ್ ಎಣ್ಣೆ ಹಾಕಿದ. ಆಮೇಲೆ ಮುಕ್ಕಾಲು ಗಂಟೆ ನಿರ್ವಾತ. ಒಳಗೆ ತೇವ ಉಳಿದರೆ ಕಿರಿದಾದ ಕವಾಟದಲ್ಲಿ ಮಂಜಾಗಿ ಕಟ್ಟಿ ದಾರಿ ಮುಚ್ಚುತ್ತದೆ. ನಿರ್ವಾತದಲ್ಲಿ ನೀರು ಕೈ ಸುಡದಷ್ಟು ಬಿಸುಪಿನಲ್ಲೇ ಕುದಿದು ಹೊರಟುಹೋಗುತ್ತದೆ. ಪಂಪು ನಿಲ್ಲಿಸಿ ಅರ್ಧ ಗಂಟೆ ಕಾದ. ಮುಳ್ಳು ಕದಲಲಿಲ್ಲ. ತುಂಬಿದ್ದು ತೂಕ ಮಾಡಿ. ಹಳೆಯ ಅನಿಲ ಒಂದು ಕಿಲೋ ಹಿಡಿಯುವಲ್ಲಿ ಹೊಸತು 800 ರಿಂದ 900 ಗ್ರಾಂ ಸಾಕಂತೆ. ಒತ್ತಡದ ಮುಳ್ಳನ್ನು ಮಾತ್ರ ನೋಡಿ ತುಂಬಿದರೆ ತೂಕ ತಿಳಿಯದು; ಹಗಲ ಬಿಸಿಲು ಏರಿದ ಹಾಗೆ ಮುಳ್ಳೂ ಏರುತ್ತದೆ. ನಾವು ಮನೆಯಲ್ಲಿ ಮಾಡಹೊರಟದ್ದು ಅದನ್ನೇ.

ಬಿಲ್ಲು ನೋಡಿ ಹಿರಿಯರು ನಿಟ್ಟುಸಿರು ಬಿಟ್ಟದ್ದು ನಿಜ. ಮದುವೆ ಮುಗಿಸಿ ಬಂದ ಮೇಲೆ ಅಮ್ಮನವರು ಮಾಲದಿಯನ್ನೂ ಒಂದು ದೂರನ್ನೂ ತಂದುಕೊಟ್ಟರು: ಜಹೀರಾಬಾದು ದಾಟುವ ಮೊದಲೇ ಚಳಿಯಾಯಿತಂತೆ, ಕಡಿಮೆ ಮಾಡಿ ಎಂದರೂ ಯಜಮಾನರು ಕೇಳಲಿಲ್ಲವಂತೆ, ಊರು ಮುಟ್ಟುವವರೆಗೆ ಶಾಲು ಹೊದ್ದೇ ಕುಳಿತಿದ್ದರಂತೆ.

ಉಳಿದದ್ದು ಆ ಎರಡು ಡಬ್ಬಿ. ತೂತು ಮುಚ್ಚುವ ಅಂಟನ್ನೂ ಅವುಗಳಲ್ಲಿ ಬೆರೆಸಿದ್ದಾರೆಂದು ಹುಡುಗ ಚೀಟಿ ಓದಿ, ಅಂಥದು ತನ್ನ ಯಂತ್ರವನ್ನೇ ಕೆಡಿಸೀತೆಂದು ಮುಟ್ಟಲಿಲ್ಲ. ಹಿರಿಯರು ಅವುಗಳನ್ನು ನಮ್ಮ ಅಟ್ಟದಲ್ಲಿಟ್ಟು ಹೋಗಿದ್ದರು. ಅಟ್ಟ ಮಧ್ಯಾಹ್ನ ಕಾದ ಹೆಂಚಾಗುತ್ತದೆಂಬುದು ನೆನಪಾಗಿ, ನಿನ್ನೆ ಇಳಿಸಿ ದೇವರ ಕೋಣೆಯ ಪಕ್ಕದ ತಂಪಿನ ಮೂಲೆಯಲ್ಲಿಟ್ಟಿದ್ದೇವೆ.