ಪುಟದ ಭಾರ ಇಳಿಸಿದೆ, ನೀವೂ ಇಳಿಸಿ

ಮೊನ್ನೆ ರಜೆಗೆ ಕವಿತಾಳಕ್ಕೆ ಹೋಗಿದ್ದೆ. ತೀರಿಹೋದ ನಮ್ಮಜ್ಜಿಯ ಬಗ್ಗೆ ನಾನು ಬರೆದದ್ದನ್ನು ದೊಡ್ಡವ್ವನಿಗೆ ಓದಿ ಹೇಳೋಣ ಅಂತ ಚಿಕ್ಕಪ್ಪನ ಮಗ ತನ್ನ ಫೋನಿನಲ್ಲಿ ನನ್ನ ಪುಟ ತೆರೆದ. ದೊಡ್ಡವ್ವ ಕೆಲಸ ಬಿಟ್ಟು ಬಂದು ಕೂತಳು. ಬಿಳಿ ಪರದೆ, ನಡುವೆ ಸುತ್ತುವ ಚಕ್ರ.

"ಅಣ್ಣಾ, ಇನ್ನಾ ತಿರುಗಾಕತ್ತೈತಿ ನೋಡು" ಅಂದ.

ಸಿಗ್ನಲ್ಲು ಒಂದೇ ಕಡ್ಡಿ. ನನ್ನ ಫೋನಿನದೂ ಅದೇ ಕಥೆ. ಮಾಳಿಗೆ ಹತ್ತಿದೆವು. ಮೊದಲು ಬಂದದ್ದು ಗಡಿಯಾರ! ಆಮೇಲೆ ಅರ್ಧ ಫೋಟೋ. ಅಕ್ಷರ ಮೂಡುವಷ್ಟರಲ್ಲಿ ದೊಡ್ಡವ್ವ "ಇರ್ಲಿ ಬಿಡಪಾ, ಮುಂದಿನ ಸಲ ಬಂದಾಗ ಓದುವಂತಿ" ಅಂತ ಒಲೆಯ ಕಡೆ ಎದ್ದು ಹೋಗಿದ್ದಳು.

ಅಲ್ಲಿ ನೆಟ್‌ವರ್ಕಿಗೆ ಬೈದೆ. ವಾಪಸು ಬಂದು ಕಂಪ್ಯೂಟರಿನಲ್ಲಿ ಎಫ್‌12 ಒತ್ತಿ, ಯಾವುದು ಎಷ್ಟು ತೂಗುತ್ತದೆ ಅಂತ ನೋಡಿದ ಮೇಲೆ ಬೈಗುಳ ನನ್ನ ಕಡೆಗೇ ತಿರುಗಿತು. ನನ್ನ ಮುಖಪುಟ 6 ಎಂಬಿ ದಾಟಿತ್ತು!

ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೇಕು. 'ಕ್ಷ' ಬರೆದರೆ 9 ಬೈಟ್. ಆದರೂ ಮೂರು ಸಾವಿರ ಸಂಕೇತಗಳ ಒಂದು ಬರಹ 9 ಕೆಬಿ ಮಾತ್ರ. ಫೋನಿನಿಂದ ತೆಗೆದು ಹಾಗೇ ಏರಿಸಿದ ನನ್ನ ಒಂದು ಫೋಟೋ 4 ಎಂಬಿ. ಅಂಥ ನಾನೂರಕ್ಕೂ ಹೆಚ್ಚು ಬರಹಗಳ ತೂಕ! ಭಾರ ನಮ್ಮ ಕನ್ನಡದ್ದಲ್ಲ ಸ್ವಾಮಿ, ನಮ್ಮ ಶೋಕಿಯದ್ದು.

ಒಂದು ಭಾನುವಾರ ಕೂತು ಎಲ್ಲ ಕಿತ್ತೆ. ಗಡಿಯಾರ ಹೋಯಿತು (ಓದುವವರ ಫೋನಿನಲ್ಲೇ ಇದೆ). ಹಿನ್ನೆಲೆಯ ಚಿತ್ರ, ಹಂಚಿಕೆಯ ಗುಂಡಿಗಳು, ಯಾವತ್ತೋ ಸತ್ತುಹೋದ ತಾಣಗಳ ಬಿಲ್ಲೆಗಳು ಹೋದವು. ಫೋಟೋಗಳನ್ನು 800 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿದೆ. ಹೊರಗಿನಿಂದ ತರಿಸುತ್ತಿದ್ದ ಚೆಂದದ ಫಾಂಟ್ ಕೂಡ ತೆಗೆದೆ. ಒಂದು ಕಾಲಕ್ಕೆ ವಿಂಡೋಸ್ ಎಕ್ಸ್‌ಪಿಯವರಿಗಾಗಿ 'ಕನ್ನಡ ಕಾಣದಿದ್ದರೆ ಹೀಗೆ ಮಾಡಿ' ಅಂತ ಸೂಚನೆ ಹಾಕುತ್ತಿದ್ದೆವಲ್ಲ, ಈಗ ಸಾಮಾನ್ಯವಾಗಿ ಫೋನಿನಲ್ಲೇ ಕನ್ನಡದ ಫಾಂಟ್ ಇರುತ್ತದೆ.

ಕೈ ನಡುಗಿದ್ದು ಭೇಟಿ ಕೊಟ್ಟವರನ್ನು ಎಣಿಸುವ ಕೌಂಟರ್ ಕೀಳುವಾಗ. ನಿಜ ಹೇಳಬೇಕೆಂದರೆ, ಅದು ಹೆಚ್ಚಾಗಿ ಎಣಿಸುತ್ತಿದ್ದದ್ದು ನನ್ನನ್ನೇ :)

'ಈಗ 4ಜಿ, 5ಜಿ ಬಂದಿದೆಯಲ್ಲ ಮಾರಾಯ' ಅನ್ನಬಹುದು. ನಾವು ಪುಟ ಕಟ್ಟುವುದು ಮೇಜಿನ ಮುಂದೆ, ವೈಫೈ ಹಚ್ಚಿಕೊಂಡು. ಊರಲ್ಲಿ ಓದುವವರು ಸಿಗ್ನಲ್ ಹುಡುಕಿ ಮಾಳಿಗೆ ಹತ್ತುತ್ತಾರೆ, ದಿನದ ಡೇಟಾ ಲೆಕ್ಕ ಹಾಕುತ್ತಾರೆ. ನಾನು ಬರೆದದ್ದು ಯಾರ ಬಗ್ಗೆಯೋ ಅವರ ಮನೆಯಲ್ಲೇ ಅದು ತೆರೆಯುವುದಿಲ್ಲ ಎಂದರೆ ಬರೆದೇನು ಬಂತು? ಹಾಗಂತ ಪುಟ ಬೋಳಾಗಿರಲಿ ಅನ್ನುತ್ತಿಲ್ಲ. ಅಜ್ಜಿಯ ಫೋಟೋ ಉಳಿಸಿಕೊಂಡಿದ್ದೇನೆ. ಅದು ಬರಹದ ಭಾಗ. ಗಡಿಯಾರ ಅಲ್ಲ.

ನಮ್ಮೂರಿಗೆ ದೂರವಲ್ಲದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವಿದೆ. ಬಂಡೆ, ಅಕ್ಷರ, ಅಷ್ಟೇ. ಎರಡು ಸಾವಿರ ವರ್ಷ ದಾಟಿದರೂ ಓದಲು ಬರುತ್ತದೆ, ಕೌಂಟರ್ ಇಲ್ಲ :)

ನನ್ನ ಪುಟ ಈಗ 200 ಕೆಬಿ ಒಳಗಿದೆ. ಕಳೆದ ವಾರ ಊರಿಂದ ಫೋನ್ ಬಂತು. ತಮ್ಮ ಓದಿದನಂತೆ, ದೊಡ್ಡವ್ವ ಕೇಳಿದಳಂತೆ. ಕೇಳಿ, "ಅವ್ವನ ಸೀರಿ ಬಣ್ಣ ತಪ್ಪು ಬರದಾನ, ತಿದ್ದಾಕ ಹೇಳು" ಅಂದಳಂತೆ.

ತಿದ್ದಿದ್ದೇನೆ. ನಿಮ್ಮ ಪುಟ ಎಷ್ಟು ತೂಗುತ್ತದೆ? ಒಮ್ಮೆ ತೂಗಿ ನೋಡಿ ಹೇಳ್ತೀರಾ?