ಕ್ಷಯರೋಗವೂ ಔಷಧಪರೀಕ್ಷೆಯೂ

ಹೊಸ ಔಷಧಗಳನ್ನು ರೋಗಿಗಳಲ್ಲಿ ಪರೀಕ್ಷಿಸುವ ಕಾರ್ಯವು ಇಂದು ಕ್ಯಾನ್ಸರ್ ರೋಗದ ವಿಷಯದಲ್ಲಿಯೇ ಅತಿ ಹೆಚ್ಚಾಗಿ ನಡೆಯುತ್ತಿರುವುದು. ಇದು ಯುಕ್ತವೇ, ಆದರೆ ಬಡವರನ್ನು ಬಿಡದೆ ಕಾಡುವ ಕ್ಷಯವನ್ನು ಕಡೆಗಣಿಸುವುದು ತರವಲ್ಲವೆಂದು ನಾವು ಎಣಿಸುತ್ತೇವೆ. 1956ರಲ್ಲಿ ಮದರಾಸಿನಲ್ಲಿ ತೊಡಗಿದ ಪರೀಕ್ಷೆಯೊಂದರಲ್ಲಿ 193 ಮಂದಿ ಕ್ಷಯರೋಗಿಗಳ ಪೈಕಿ ಕೆಲವರಿಗೆ ಆರೋಗ್ಯಧಾಮದಲ್ಲಿಯೂ ಉಳಿದವರಿಗೆ ತಮ್ಮ ಇಕ್ಕಟ್ಟಾದ ಮನೆಗಳಲ್ಲಿಯೂ ಒಂದೇ ಔಷಧವನ್ನು ವರ್ಷವಿಡೀ ಕೊಟ್ಟು ನೋಡಿದರು. ಒಳ್ಳೆಯ ಆಹಾರವೂ ವಿಶ್ರಾಂತಿಯೂ ಆರೋಗ್ಯಧಾಮದವರಿಗೇ ಹೆಚ್ಚು; ಆದರೂ ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅವರಂತೆಯೇ ಗುಣಹೊಂದಿದರು, ಮನೆಮಂದಿಗೆ ಅಪಾಯವೂ ಹೆಚ್ಚಲಿಲ್ಲ. ರೋಗಿಯಾದ ತಾಯಿಯನ್ನು ಹಸುಳೆಯಿಂದ ತಿಂಗಳುಗಟ್ಟಲೆ ಅಗಲಿಸಬೇಕಾದ ಸಂಕಟವು ಇದರಿಂದ ತಪ್ಪಿತಷ್ಟೆ! ಶಿಶುಗಳಿಗೆ ಚುಚ್ಚುವ ಬಿ.ಸಿ.ಜಿ. ಲಸಿಕೆಯಾದರೋ 1921ರದು, ಪ್ರಾಯದವರ ಶ್ವಾಸಕೋಶಗಳನ್ನು ಅದು ಚೆನ್ನಾಗಿ ಕಾಯಲಾರದು. ಹೊಸ ಲಸಿಕೆಗಳ ಪರೀಕ್ಷೆಗೆ ಹಣವೂ ಬೇಕು, ಧೈರ್ಯದಿಂದ ಮುಂದೆ ಬರುವ ಜನರೂ ಬೇಕು.